ಮಾಡು, ಜಗಲಿ, ಲ್ಯಾಬು: ಒಬ್ಬ ಹುಡುಗಿ ಡಿಗ್ರಿ ಕಾಲೇಜು ಆರಿಸಿದ ಪ್ರಕರಣ

ಕಾಲೇಜಿನ ಕಟ್ಟಡ ಚಂದ ಉಂಟು, ನಾನು ಅಲ್ಲಿಗೇ ಸೇರುತ್ತೇನೆ ಎಂದು ಮಕ್ಕಳು ಹೇಳಿದರೆ ಮನೆಯಲ್ಲಿ ಬೈಗುಳ ಖಚಿತ. ಪಾಠ ಮಾಡುವುದು ಕಟ್ಟಡವಾ, ಮೇಷ್ಟ್ರಾ ಎಂದು ಕೇಳುತ್ತಾರೆ. ನಾನು ಮಂಗಳೂರಿನಲ್ಲಿ ಕೆಲಸ ಮಾಡುವ ಆರ್ಕಿಟೆಕ್ಟ್. ಈ ಬೈಗುಳ ಅರ್ಧ ಮಾತ್ರ ಸರಿ ಎನ್ನುವುದು ನನ್ನ ಅಭಿಪ್ರಾಯ. ಮೂರು ವರ್ಷ ಕೂರುವ ಕೋಣೆಯಲ್ಲಿ ಬೆಳಕು ಹೇಗಿದೆ, ಜೋರು ಮಳೆಯಲ್ಲಿ ಪಾಠ ಕಿವಿಗೆ ಬೀಳುತ್ತದಾ, ಲ್ಯಾಬಿನಲ್ಲಿ ಗಾಳಿಯಾಡುತ್ತದಾ, ಇದೆಲ್ಲ ಓದಿನದೇ ಭಾಗ. ಹಾಗಾಗಿ ಕಟ್ಟಡ ನೋಡಲೇಬೇಕು. ಆದರೆ ಗೇಟಿನಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಮ್ಮ ವಿಷಯವನ್ನು ಯಾವ ಕೋಣೆಯಲ್ಲಿ ಕಲಿಸುತ್ತಾರೋ ಅಲ್ಲಿ ಹೋಗಿ ನಿಂತು ನೋಡಬೇಕು. ಇದನ್ನು ಒಂದೇ ಒಂದು ಪ್ರಕರಣ ಹಿಡಿದು ಪೂರ್ತಿಯಾಗಿ ಬರೆಯುತ್ತೇನೆ. ಹುಡುಗಿಯದ್ದಾಗಲಿ ಕಾಲೇಜುಗಳದ್ದಾಗಲಿ ಹೆಸರು ಹಾಕುವುದಿಲ್ಲ.

ಯಾರಿಗೆ, ಏನು ಬೇಕಿತ್ತು

ಹುಡುಗಿ ನನ್ನ ಅಕ್ಕನ ಮಗಳು. ಮನೆ ಬ್ರಹ್ಮಾವರದ ಒಳಗಿನ ಒಂದು ಊರು. 2024ರಲ್ಲಿ ಪಿಯುಸಿ ಮುಗಿಸಿದಳು. ಅವಳಿಗೆ ಸಣ್ಣವಳಿದ್ದಾಗಿನಿಂದಲೂ ಗಿಡದ ಹುಚ್ಚು. ಮಳೆ ಶುರುವಾದರೆ ಬಾವಿಕಟ್ಟೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಂದಿಯಲ್ಲಿ ಹುಟ್ಟುವ ಜರೀಗಿಡಗಳನ್ನು ನೋಡುತ್ತಾ ಕೂತಿರುತ್ತಾಳೆ. ಊರ ಹತ್ತಿರದ ಪಾರೆಯ, ಅಂದರೆ ಬಯಲು ಬಂಡೆಯ ಮೇಲೆ ಜುಲೈ, ಆಗಸ್ಟ್ ಹೊತ್ತಿಗೆ ನೀರು ಜಿನುಗುವಲ್ಲಿ ಹುಳ ಹಿಡಿಯುವ ಡ್ರೊಸೆರಾ ಬರುತ್ತದೆ, ನೀಲಿ ಹೂವಿನ ಯುಟ್ರಿಕ್ಯುಲೇರಿಯಾ ಬರುತ್ತದೆ. ಅವುಗಳ ಹೆಸರನ್ನು ಅವಳು ಪಿಯುಸಿಗೆ ಮೊದಲೇ ಕಲಿತಿದ್ದಳು. ಸೀತಾ ನದಿ ಸಮುದ್ರ ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ, ಅವನ್ನು ನೋಡಲು ದೋಣಿಯವರನ್ನು ಕಾಡುವುದೂ ಉಂಟು.

ಅಪ್ಪ, ಅಂದರೆ ನಮ್ಮ ಭಾವ, ನೀಟ್ ಬರೆಸಿದರು. ಅವಳು ಬರೆದಳು, ಆದರೆ ಮನಸ್ಸಿರಲಿಲ್ಲ. ಹಾಗಾದರೆ ಬಿ.ಎಸ್ಸಿ. ಅಗ್ರಿ ಮಾಡಬಹುದಲ್ವಾ ಎಂದು ಎಲ್ಲರೂ ಕೇಳಿದರು, ನಾನೂ ಕೇಳಿದೆ. "ಚಿಕ್ಕಿ, ನಂಗೆ ಬೆಳೆ ಬೇಡ, ಕಾಡುಗಿಡ ಬೇಕು" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಡಿಗ್ರಿಯಲ್ಲಿ ಸಸ್ಯಶಾಸ್ತ್ರ ಒಂದು ಮುಖ್ಯ ವಿಷಯವಾಗಿ ಇರಬೇಕು, ಮುಂದೆ ಎಂ.ಎಸ್ಸಿ. ಮಾಡಬೇಕು, ಆಮೇಲೆ ಆದರೆ ಸಂಶೋಧನೆ. ಇಷ್ಟು ಅವಳಿಗೆ ಸ್ಪಷ್ಟ ಇತ್ತು. ಹದಿನೆಂಟು ವರ್ಷಕ್ಕೆ ಇಷ್ಟು ಸ್ಪಷ್ಟತೆ ಇರುವ ಮಕ್ಕಳು ಕಡಿಮೆ. ಅದನ್ನು ಹಾಳು ಮಾಡಬಾರದು ಎನ್ನುವುದೇ ನನ್ನ ದೊಡ್ಡ ಚಿಂತೆಯಾಗಿತ್ತು.

ಕೊನೆಗೆ ಪಟ್ಟಿಯಲ್ಲಿ ಮೂರು ಕಾಲೇಜು ಉಳಿದವು. ಒಂದು ಹೊಸದು, ಎದುರಿಗೆ ಪೂರ್ತಿ ಗಾಜು, ಒಳಗೆ ಲಿಫ್ಟು, ದೊಡ್ಡ ಲಾಬಿ. ಅದನ್ನು ಗಾಜಿನ ಕಾಲೇಜು ಎನ್ನುತ್ತೇನೆ. ಎರಡನೆಯದು ಹಳೆಯದು, ಮುರಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು (ಛಾವಣಿ), ಉದ್ದ ಜಗಲಿ, ನಡುವೆ ಅಂಗಳ. ಅದು ಹಂಚಿನ ಕಾಲೇಜು. ಮೂರನೆಯದು ಸಾದಾ ಕಾಂಕ್ರೀಟಿನ ಮೂರು ಮಹಡಿ. ಅದರ ಫೋಟೋ ತೆಗೆಯಬೇಕು ಎಂದು ಯಾರಿಗೂ ಅನಿಸಲಿಕ್ಕಿಲ್ಲ. ಅದು ಕಾಂಕ್ರೀಟ್ ಕಾಲೇಜು.

ಭಾವನಿಗೆ ಗಾಜಿನದು ಇಷ್ಟ. ಅಕ್ಕನಿಗೆ ಹಾಸ್ಟೆಲ್ ಚೆನ್ನಾಗಿದ್ದು ಫೀಸು ಕೈಗೆಟುಕಿದರೆ ಯಾವುದಾದರೂ ಆಗಬಹುದು. ಹುಡುಗಿ ಹಂಚಿನ ಕಾಲೇಜಿನ ಜಗಲಿಯನ್ನು ಯಾವುದೋ ಅಂತರ ಕಾಲೇಜು ಸ್ಪರ್ಧೆಗೆ ಹೋದಾಗ ನೋಡಿ ಅಲ್ಲೇ ಮನಸ್ಸು ಕೊಟ್ಟಿದ್ದಳು. ಕಾರಣ ಕೇಳಿದರೆ "ಅಲ್ಲಿ ಕೂತ್ಕೊಳ್ಳುವ ಅಂತ ಅನ್ಸುತ್ತೆ" ಎನ್ನುತ್ತಿದ್ದಳು. ಇದು ಕಾರಣವೇ ಅಲ್ಲ ಎಂದು ಭಾವ ರೇಗಿದರು. "ನೀನು ಆರ್ಕಿಟೆಕ್ಟ್ ಅಲ್ವಾ, ಅವಳಿಗೆ ಬುದ್ಧಿ ಹೇಳು" ಎಂದು ನನಗೆ ಫೋನ್ ಬಂತು.

ಕರಾವಳಿಯವರಿಗೆ ಕಾಲೇಜು ಎಂದಾಗ ಕಟ್ಟಡವೇ ಮೊದಲು ಕಣ್ಣಿಗೆ ಬರುವುದು ಸಹಜ, ಅದನ್ನೂ ಹೇಳಬೇಕು. ಮಂಗಳೂರಿನ ಬಾವುಟಗುಡ್ಡದ ಮೇಲೆ ಸಂತ ಅಲೋಶಿಯಸ್ ಇದೆ. 1880ರಲ್ಲಿ ಶುರುವಾದ ಸಂಸ್ಥೆ, ಅದರ ಚಾಪೆಲ್‌ನ ಗೋಡೆ ಮತ್ತು ಛಾವಣಿಗೆ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಬೆಂದೂರಿನಲ್ಲಿ 1921ರ ಸಂತ ಆಗ್ನೆಸ್ ಇದೆ. ಇನ್ನೊಂದು ಕಡೆ ಮಣಿಪಾಲ. 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜಿನಿಂದ ಶುರುವಾಗಿ ಬೋಳು ಗುಡ್ಡವೇ ಊರಾಗಿಬಿಟ್ಟಿತು. ನಮ್ಮಮ್ಮನ ತಲೆಮಾರಿಗೆ ಒಳ್ಳೆಯ ಕಾಲೇಜು ಎಂದರೆ ಕಮಾನು ಮತ್ತು ಹಂಚು, ಭಾವನ ತಲೆಮಾರಿಗೆ ಗಾಜು ಮತ್ತು ಲಿಫ್ಟು. ಎರಡೂ ಕಡೆಯವರು ಕಟ್ಟಡ ನೋಡಿಯೇ ತೀರ್ಮಾನ ಮಾಡುತ್ತಿದ್ದಾರೆ, ಹುಡುಗಿಯನ್ನು ಮಾತ್ರ ಬೈಯುತ್ತಿದ್ದಾರೆ ಎಂದು ನಾನು ಭಾವನಿಗೆ ನೇರ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನೋಡಲು ಒಪ್ಪಿದರು.

ಮೊದಲು ಕಾಗದ

ಯಾವ ಕಾಲೇಜಿಗೂ ಕಾಲಿಡುವ ಮೊದಲು ಕಾಗದ ನೋಡಿದೆವು. 2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದವಿ ಪದ್ಧತಿ ಬಿಟ್ಟು 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿತ್ತು. ಹಾಗಾಗಿ ಹಳೆ ಪ್ರಾಸ್ಪೆಕ್ಟಸ್ ನಂಬುವ ಹಾಗಿರಲಿಲ್ಲ. ಯಾವ ವಿಷಯದ ಜೊತೆ ಯಾವ ವಿಷಯ ಸಿಗುತ್ತದೆ ಎನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಗಾಜಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಇತ್ತು, ಆದರೆ ಅಲ್ಲಿ ಎಲ್ಲರ ಗಮನ ಬಯೋಟೆಕ್ನಾಲಜಿ ಮೇಲೆ. ಹಂಚಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎನ್ನುವ ಹಳೆಯ ಜೋಡಿ, ಅನುದಾನಿತ, ಫೀಸು ಕಡಿಮೆ. ಕಾಂಕ್ರೀಟ್ ಕಾಲೇಜು ಸ್ವಾಯತ್ತ. ಸ್ವಾಯತ್ತ ಎಂದರೆ ಪದವಿ ವಿಶ್ವವಿದ್ಯಾನಿಲಯದ್ದೇ, ಆದರೆ ಪಠ್ಯ ಮತ್ತು ಪರೀಕ್ಷೆ ಕಾಲೇಜಿನದ್ದು. ಅವರ ಪಠ್ಯದಲ್ಲಿ ಕ್ಷೇತ್ರ ಅಧ್ಯಯನಕ್ಕೆ ಒಳ್ಳೆಯ ಜಾಗ ಇತ್ತು. ಅದನ್ನು ಓದಿ ನನಗೆ ಬಹಳ ಖುಷಿಯಾಯಿತು.

ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ ನ್ಯಾಕ್ ಕೊಡುವ ಗ್ರೇಡ್ ಬಗ್ಗೆ ಒಂದು ಮಾತು. ಪೋಷಕರು ಗ್ರೇಡ್ ಅಕ್ಷರ ಮಾತ್ರ ನೋಡುತ್ತಾರೆ, ಅದು ಇಡೀ ಸಂಸ್ಥೆಗೆ ಕೊಟ್ಟದ್ದು. ನಿಮ್ಮ ವಿಭಾಗದ ಬಗ್ಗೆ ಅದು ಏನೂ ಹೇಳುವುದಿಲ್ಲ. ನಾವು ನೋಡಿದ ವರದಿಗಳ ಪದ್ಧತಿಯಲ್ಲಿ ಸಂಯೋಜಿತ ಕಾಲೇಜಿಗೆ ಒಟ್ಟು 1000 ಅಂಕ. ಅದರಲ್ಲಿ ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ 350. ಕಟ್ಟಡ, ಲ್ಯಾಬು, ಲೈಬ್ರರಿ ಎಲ್ಲ ಸೇರಿ 100. ಈ ಲೆಕ್ಕ ನನಗೆ ಇಷ್ಟವಾಯಿತು, ಕಟ್ಟಡದ ವೃತ್ತಿಯವಳಾಗಿಯೂ ಹೇಳುತ್ತೇನೆ, ಅದು ಸರಿಯಾದ ಪ್ರಮಾಣ. ಕಾಲೇಜಿನ ವೆಬ್‌ಸೈಟಿನಲ್ಲಿ ಅವರೇ ನ್ಯಾಕ್‌ಗೆ ಕೊಟ್ಟ ಸ್ವಯಂ ಅಧ್ಯಯನ ವರದಿ ಸಿಗುತ್ತದೆ, ವರ್ಷವರ್ಷದ ವರದಿಯೂ ಸಿಗುತ್ತದೆ. ಪೂರ್ಣಾವಧಿ ಅಧ್ಯಾಪಕರು ಎಷ್ಟು, ಪಿಎಚ್.ಡಿ. ಆದವರೆಷ್ಟು, ಲೈಬ್ರರಿಗೆ ಎಷ್ಟು ಖರ್ಚು ಮಾಡಿದ್ದಾರೆ, ಎಲ್ಲ ಅಲ್ಲಿರುತ್ತದೆ. ಓದಲು ಬೇಜಾರು ಬರುತ್ತದೆ ನಿಜ, ಆದರೆ ಮೂರು ವರ್ಷದ ವಿಷಯ ಅಲ್ವಾ, ಒಂದು ಸಂಜೆ ಕೂತು ಓದಬಹುದು.

ವಿಭಾಗದಲ್ಲಿ ಖಾಯಂ ಅಧ್ಯಾಪಕರು ಎಷ್ಟು ಮಂದಿ, ಅವರಲ್ಲಿ ನಿವೃತ್ತಿಗೆ ಹತ್ತಿರ ಇರುವವರು ಎಷ್ಟು ಎಂದು ಫೋನ್ ಮಾಡಿಯೇ ಕೇಳಿದೆವು. ಸಸ್ಯಶಾಸ್ತ್ರದಂಥ ವಿಷಯದಲ್ಲಿ ಇದು ಬಹಳ ಮುಖ್ಯ. ಒಬ್ಬರು ನಿವೃತ್ತರಾದರೆ ಆ ಜಾಗಕ್ಕೆ ವರ್ಷಗಟ್ಟಲೆ ಯಾರೂ ಬರದೆ ಅತಿಥಿ ಉಪನ್ಯಾಸಕರಲ್ಲೇ ವಿಭಾಗ ಸಾಗುವುದನ್ನು ಎಷ್ಟೋ ಕಡೆ ನೋಡಿದ್ದೇವೆ. ಅತಿಥಿ ಉಪನ್ಯಾಸಕರು ಚೆನ್ನಾಗಿ ಕಲಿಸುತ್ತಾರೆ, ಆ ಪ್ರಶ್ನೆ ಇಲ್ಲ. ಆದರೆ ಅವರಿಗೆ ಸರಿಯಾದ ಸಂಬಳವೂ ಭದ್ರತೆಯೂ ಇಲ್ಲದೆ, ಮಗುವಿನ ಜೊತೆ ಮೂರು ವರ್ಷ ಇರುತ್ತೇವೆ ಎಂದು ಅವರು ಹೇಗೆ ಹೇಳಲು ಸಾಧ್ಯ? ಗಿಡ ಗುರುತಿಸುವ ವಿದ್ಯೆ ಒಬ್ಬರ ಹಿಂದೆ ವರ್ಷಗಟ್ಟಲೆ ನಡೆದು ಬರುವಂಥದ್ದು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಪ್ರೊ. ಕೆ. ಗೋಪಾಲಕೃಷ್ಣ ಭಟ್ಟರು ಈ ಜಿಲ್ಲೆಗಳ ಸಸ್ಯಗಳನ್ನೆಲ್ಲ ದಾಖಲಿಸಿ ಗ್ರಂಥ ಮಾಡಿದವರು. ಅಂಥ ಕೆಲಸ ಒಂದು ಡಿಗ್ರಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಿಂದ ಬಂದದ್ದು ಎನ್ನುವುದು ನಮ್ಮ ಹುಡುಗಿಗೆ ದೊಡ್ಡ ಧೈರ್ಯ.

ಉತ್ತರ ಹೀಗಿತ್ತು. ಕಾಂಕ್ರೀಟ್ ಕಾಲೇಜಿನಲ್ಲಿ ನಾಲ್ವರು ಖಾಯಂ. ಹಂಚಿನ ಕಾಲೇಜಿನಲ್ಲಿ ಇಬ್ಬರು, ಅವರಲ್ಲಿ ಹಿರಿಯರಿಗೆ ನಿವೃತ್ತಿ ಹತ್ತಿರ. ಗಾಜಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಬಂದವರು ಒಬ್ಬರು, ಉಳಿದವರು ಬಯೋಟೆಕ್ನಾಲಜಿಯವರು. ಕಾಗದದ ಮೇಲೆ ಕಾಂಕ್ರೀಟ್ ಕಾಲೇಜು ಗೆದ್ದಿತ್ತು. ಹುಡುಗಿಯ ಮುಖ ಸಣ್ಣದಾಯಿತು.

ಮಳೆ ಬಂದ ಮೇಲೆ ಹೋಗಿ ನೋಡಿದ್ದು

ಮೇ ತಿಂಗಳಲ್ಲಿ ಕಾಲೇಜು ನೋಡುವುದು ಬೇಡ, ಮಳೆ ಹಿಡಿಯಲಿ ಎಂದೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಕಾಲೇಜು ಶುರುವಾಗುವುದೂ ಅದೇ ಹೊತ್ತಿಗೆ. ಇಲ್ಲಿಯ ಕಟ್ಟಡದ ಗುಣ ಮಳೆಯಲ್ಲೇ ಗೊತ್ತಾಗುವುದು. ಪ್ರವೇಶದ ಸಂಭ್ರಮದ ದಿನ ಅಲ್ಲ, ಸಾದಾ ಕೆಲಸದ ದಿನ ಹೋಗಬೇಕು ಎಂದೂ ಹೇಳಿದೆ. ಮೊದಲೇ ಫೋನ್ ಮಾಡಿ ಅನುಮತಿ ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ. ನಾವು ಹೋದಾಗ ಹಳೆ ಸೆಮಿಸ್ಟರಿನವರಿಗೆ ಪ್ರಾಕ್ಟಿಕಲ್ ನಡೆಯುತ್ತಿತ್ತು, ಅದು ಒಳ್ಳೆಯದೇ ಆಯಿತು.

ಗಾಜಿನ ಕಾಲೇಜಿನ ಎದುರು ಪಶ್ಚಿಮಕ್ಕೆ. ಅಷ್ಟು ದೊಡ್ಡ ಗಾಜಿಗೆ ಮೇಲೆ ಒಂದು ಸನ್‌ಶೇಡ್ ಕೂಡ ಇಲ್ಲ. ನಮ್ಮ ಮಳೆ, ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ, ಬೇಸಿಗೆಯ ಮಧ್ಯಾಹ್ನದ ಬಿಸಿಲು ಬೀಳುವುದೂ ಅದೇ ಕಡೆಯಿಂದ. ಗಾಜಿನ ಹಿಂದೆ ಎಸಿ ಇರುವಲ್ಲಿ ತೊಂದರೆ ಇಲ್ಲ. ಎಸಿ ಇದ್ದದ್ದು ಲಾಬಿ, ಕಚೇರಿ, ಸೆಮಿನಾರ್ ಹಾಲ್‌ಗೆ. ತರಗತಿಗಳ ಕಿಟಕಿ ಕಾಲು ಭಾಗ ಮಾತ್ರ ತೆರೆಯುತ್ತದೆ, ಫ್ಯಾನಿನ ಕೆಳಗೂ ಬೆವರು. ಸಸ್ಯಶಾಸ್ತ್ರದ ಲ್ಯಾಬು ಹಿಂದೆ, ಕೆಳಗಿನ ಮಹಡಿಯಲ್ಲಿ, ಪ್ರಾಣಿಶಾಸ್ತ್ರದವರ ಜೊತೆ ಹಂಚಿಕೊಂಡದ್ದು. ಒಂದು ಗೋಡೆಗೂ ಕಿಟಕಿ ಇಲ್ಲ. ಅಲ್ಲಿದ್ದ ಮೈಕ್ರೋಸ್ಕೋಪುಗಳಲ್ಲಿ ಅರ್ಧದಷ್ಟು ಕನ್ನಡಿಯವು, ಕಿಟಕಿಯ ಬೆಳಕು ಹಿಡಿದು ನೋಡುವಂಥವು. ಟ್ಯೂಬ್‌ಲೈಟಿನ ಕೆಳಗೆ ಅವುಗಳಲ್ಲಿ ಏನು ನೋಡಬೇಕು? ಆದರೆ ಒಂದು ವಿಷಯ ಹೇಳಲೇಬೇಕು, ಅವರ ರಸಾಯನಶಾಸ್ತ್ರದ ಲ್ಯಾಬು ನಾವು ನೋಡಿದ್ದರಲ್ಲೇ ಅತ್ಯುತ್ತಮ. ವಿಷಗಾಳಿ ಹೊರಗೆಳೆಯುವ ಫ್ಯೂಮ್ ಹುಡ್ ಕೆಲಸ ಮಾಡುತ್ತಿತ್ತು, ಎಕ್ಸಾಸ್ಟ್ ಇತ್ತು, ಕಣ್ಣು ತೊಳೆಯುವ ವ್ಯವಸ್ಥೆ ಇತ್ತು. ರಸಾಯನಶಾಸ್ತ್ರಕ್ಕೆ ಹೋಗುವ ಮಗುವಿಗೆ ನಾನು ಆ ಕಾಲೇಜನ್ನೇ ಹೇಳುತ್ತಿದ್ದೆ. ಅದೇ ಕಟ್ಟಡ ಒಂದು ವಿಷಯಕ್ಕೆ ಒಳ್ಳೆಯದು, ಇನ್ನೊಂದಕ್ಕೆ ಅಲ್ಲ. ಭಾವ ಎಲ್ಲ ನೋಡಿ, "ಗಿಡ ಓದುವವರಿಗೆ ಇಲ್ಲಿ ಕಿಟಕಿಯೇ ಇಲ್ವಲ್ಲ" ಎಂದು ತಾವೇ ಹೇಳಿದರು.

ಹಂಚಿನ ಕಾಲೇಜಿಗೆ ಹೋದಾಗ ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಜಗಲಿಯ ಅಗಲ ಎಂಟಡಿ ಇರಬಹುದು, ಸೂರು ಅದಕ್ಕಿಂತ ಮುಂದೆ ಚಾಚಿದೆ, ಎರಚಲು ಗೋಡೆಗೆ ತಾಗುವುದಿಲ್ಲ. ಮುರಕಲ್ಲಿಗೆ ಇದು ಬೇಕೇ ಬೇಕು. ಕಡಿಯುವಾಗ ಮೆತ್ತಗಿರುವ ಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ, ಆದರೆ ಮೈತುಂಬ ತೂತು, ನೀರು ಕುಡಿಯುತ್ತದೆ. ಹಾಗಾಗಿ ನಮ್ಮ ಹಳಬರು ಗೋಡೆಗಿಂತ ಮೊದಲು ಮಾಡಿನ ಬಗ್ಗೆ ಯೋಚಿಸಿದರು. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಎನ್ನುವವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಶಾಲೆ, ಕಾಲೇಜು, ಕಚೇರಿಗಳಿಗೆಲ್ಲ ಒಂದೇ ಥರದ ಮಾಡು ಬಂತು. ಹಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಕೆಳಗೆ ಹಲಗೆಯ ಅಟ್ಟ ಇದ್ದರೆ ಮಳೆ ಸದ್ದೂ ಅಷ್ಟಾಗಿ ಕೇಳುವುದಿಲ್ಲ.

ಸಸ್ಯಶಾಸ್ತ್ರದ ಲ್ಯಾಬು ಆ ಹಳೆ ಕಟ್ಟಡದಲ್ಲೇ ಇತ್ತು. ಉತ್ತರಕ್ಕೆ ಸಾಲು ಕಿಟಕಿ, ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಮೈಕ್ರೋಸ್ಕೋಪು. ಇದನ್ನು ಯಾರೋ ತಿಳಿದವರು ಮಾಡಿಸಿದ್ದು. ನಮ್ಮ ಅಕ್ಷಾಂಶ 13 ಡಿಗ್ರಿ ಆಸುಪಾಸು, ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಆದರೆ ಆ ಹೊತ್ತಲ್ಲಿ ಹೆಚ್ಚು ದಿನ ಮೋಡ. ಉಳಿದ ತಿಂಗಳೆಲ್ಲ ಉತ್ತರದ ಕಿಟಕಿಯಲ್ಲಿ ಕಣ್ಣು ಕುಕ್ಕದ ಸಮ ಬೆಳಕು. ಮೈಕ್ರೋಸ್ಕೋಪಿಗೆ ಬೇಕಾದದ್ದು ಅದೇ. ಹೊರಗೆ ಹೆಜ್ಜೆ ಇಟ್ಟರೆ ತೋಟ. ಕೊನೆಯಲ್ಲಿ ಸಾಗವಾನಿ ಕಪಾಟುಗಳಲ್ಲಿ ಹರ್ಬೇರಿಯಂ. ಒಣಗಿಸಿದ ಗಿಡಗಳನ್ನು ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಹೆಸರು, ಸಿಕ್ಕಿದ ಜಾಗ, ತಾರೀಕು, ಸಂಗ್ರಹಿಸಿದವರ ಹೆಸರು ಬರೆದಿಟ್ಟದ್ದು. ಹಿರಿಯ ಮೇಷ್ಟ್ರು ಒಂದು ಕಪಾಟು ತೆರೆದು ತೋರಿಸಿದರು. ಹುಡುಗಿ ಅಲ್ಲಿಂದ ಕದಲಲೇ ಇಲ್ಲ. "ಮಳೆಗಾಲದಲ್ಲಿ ಇವಕ್ಕೆ ಬೂಷ್ಟು ಹಿಡಿಯೋದಿಲ್ವಾ ಸರ್?" ಎಂದು ಕೇಳಿದಳು. "ಹಿಡಿಯುತ್ತೆ ಮಗಾ, ಪೇಪರ್ ದಿನಾ ಬದಲಿಸ್ಬೇಕು, ಬಲ್ಬ್ ಹಾಕಿ ಒಣಗಿಸ್ಬೇಕು, ನುಸಿಗುಳಿಗೆ ಇಡ್ಬೇಕು. ಮಾಡುವವರು ಬೇಕಷ್ಟೆ" ಎಂದರು ಅವರು. ಆ ಸಂಭಾಷಣೆ ಕೇಳಿ ಅಕ್ಕ ನನ್ನ ಮುಖ ನೋಡಿದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ಪರೀಕ್ಷೆ ಅಪೂರ್ಣವಾಗುತ್ತಿತ್ತು. ಮೊದಲ ವರ್ಷದವರ ತರಗತಿ ಎಲ್ಲಿ ಎಂದು ಕೇಳಿದೆ. ಹಿಂದೆ ಕರೆದುಕೊಂಡು ಹೋದರು. ಅಲ್ಲಿ ನಂತರ ಕಟ್ಟಿದ ಒಂದು ಸಾಲು, ಮೇಲೆ ತಗಡಿನ ಶೀಟು. ಮಳೆ ಬೀಳುತ್ತಿದ್ದಾಗ ನಾನು ಹಿಂದಿನ ಬೆಂಚಿನಲ್ಲಿ ಕೂತೆ, ಹುಡುಗಿಗೆ ಬೋರ್ಡಿನ ಹತ್ತಿರ ನಿಂತು ಏನಾದರೂ ಓದು ಎಂದೆ. ಒಂದು ಶಬ್ದ ಕೇಳಲಿಲ್ಲ. ಹಳೆಯ ಚಂದದ ಭಾಗದಲ್ಲಿ ಪ್ರಿನ್ಸಿಪಾಲರ ಕೋಣೆ, ಕಚೇರಿ, ಸಭಾಂಗಣ, ಎರಡು ಮೂರು ಲ್ಯಾಬು. ಮಕ್ಕಳು ಜಾಸ್ತಿ ಹೊತ್ತು ಕೂರುವುದು ಶೀಟಿನ ಕೆಳಗೆ. ಫೋಟೋದಲ್ಲಿ ಕಾಣುವ ಕಟ್ಟಡದಲ್ಲಿ ಮಕ್ಕಳು ಕೂರುತ್ತಾರಾ ಎನ್ನುವುದನ್ನು ಪ್ರತಿಯೊಬ್ಬ ಪೋಷಕರೂ ಕೇಳಬೇಕು, ನಾನು ಇದನ್ನು ಒತ್ತಿ ಹೇಳುತ್ತೇನೆ. ಇನ್ನೂ ಎರಡು ಕೊರತೆ ಕಂಡವು. ಹುಡುಗಿಯರ ಶೌಚಾಲಯ ಅಂಗಳ ದಾಟಿ ಆಚೆ, ಮಳೆಗೆ ಮುಚ್ಚಿದ ದಾರಿ ಇಲ್ಲ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಎಕ್ಸಾಸ್ಟ್ ಫ್ಯಾನು ಕೆಟ್ಟಿತ್ತು, ಅಮೋನಿಯಾ ಘಾಟು ಬಾಗಿಲಲ್ಲೇ ಮೂಗಿಗೆ ಬಡಿಯುತ್ತಿತ್ತು. ಹಳೆ ಕಟ್ಟಡವನ್ನು ಪ್ರೀತಿಸುವವಳು ನಾನು, ಅದಕ್ಕೇ ಇಂಥ ಅಸಡ್ಡೆ ನೋಡಿದರೆ ಸಿಟ್ಟು ಬರುತ್ತದೆ. ಇವೆರಡೂ ಕೋಟಿ ರೂಪಾಯಿಯ ಕೆಲಸ ಅಲ್ಲ.

ಕಾಂಕ್ರೀಟ್ ಕಾಲೇಜು ನೋಡಲು ಸಪ್ಪೆ, ಆದರೆ ನಕ್ಷೆ ಮಾಡಿದವರು ಊರಿನ ಹವೆ ಗೊತ್ತಿದ್ದವರು. ತರಗತಿಯ ಎರಡೂ ಬದಿಗೆ ಕಿಟಕಿ, ಹೊರಗೆ ಅಗಲ ಕಾರಿಡಾರ್, ಕಿಟಕಿಗಳ ಮೇಲೆ ಆಳವಾದ ಸನ್‌ಶೇಡ್. ಹರ್ಬೇರಿಯಂಗೆ ಒಣಗಿಸುವ ಓವನ್ ಇದೆ, ಹಿಂದೆ ನೆರಳುಬಲೆಯ ಮನೆ ಇದೆ, ಲೈಬ್ರರಿ ಸಂಜೆ ಏಳರವರೆಗೆ. ಅಧ್ಯಾಪಕರು ಖುಷಿಯಿಂದ ಮಾತಾಡಿದರು. ನನ್ನ ಮಟ್ಟಿಗೆ ತೀರ್ಮಾನ ಅಲ್ಲೇ ಆಗಿತ್ತು.

ಯಾವುದು, ಯಾಕೆ

ಮನೆಗೆ ಬಂದು ಕೂತೆವು. ನಾನು ಕಾಂಕ್ರೀಟ್ ಕಾಲೇಜು ಎಂದೆ. ನಾಲ್ವರು ಖಾಯಂ ಅಧ್ಯಾಪಕರು, ಒಳ್ಳೆಯ ಪಠ್ಯ, ಒಳ್ಳೆಯ ಗಾಳಿ ಬೆಳಕು. ಭಾವನೂ ಹೂಂ ಎಂದರು. ಹುಡುಗಿ ಸುಮ್ನೆ ಕೇಳುತ್ತಿದ್ದಳು. ಆಮೇಲೆ ಒಂದು ಮಾತು ಹೇಳಿದಳು. "ಚಿಕ್ಕಿ, ನಾವು ಅಲ್ಲಿಂದ ಹೊರಡುವಾಗ ನಾಲ್ಕು ಗಂಟೆ. ಒಬ್ರೂ ಇರ್ಲಿಲ್ಲ. ನೀನು ನೋಡಿದ್ಯಾ?"

ನಾನು ಕಿಟಕಿ ನೋಡುತ್ತಿದ್ದೆ, ಅವಳು ಜನ ನೋಡುತ್ತಿದ್ದಳು. ಅವಳು ಹೇಳಿದ್ದು ನಿಜ. ಆ ಕಾಲೇಜು ಪೇಟೆಯಿಂದ ದೂರ. ಹಾಸ್ಟೆಲಿನಲ್ಲಿ ಹುಡುಗಿಯರಿಗೆ ಜಾಗ ಕಡಿಮೆ, ಆ ವರ್ಷ ಭರ್ತಿಯಾಗಿತ್ತು. ಎಲ್ಲರೂ ಬಸ್ಸಿನ ಮಕ್ಕಳು. ಮೂರೂವರೆಗೆ ಬೆಲ್ಲು, ಮೂರೂ ಮುಕ್ಕಾಲಿನ ಬಸ್ಸು ತಪ್ಪಿದರೆ ಮುಂದಿನದ್ದು ತಡ. ಲೈಬ್ರರಿ ಏಳರವರೆಗೆ ತೆರೆದಿರುತ್ತದೆ, ಆದರೆ ಕೂರುವವರಿಲ್ಲ. ನಮ್ಮ ಮನೆಯಿಂದ ಅಲ್ಲಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು, ಮಳೆಗಾಲದಲ್ಲಿ ಹೆದ್ದಾರಿ 66ರ ಸ್ಥಿತಿ ಹೇಳುವುದೇ ಬೇಡ. ಹಂಚಿನ ಕಾಲೇಜಿನಲ್ಲಾದರೆ ಹಾಸ್ಟೆಲ್ ಕ್ಯಾಂಪಸ್ಸಿನ ಒಳಗೆ. ನಾವು ಹೋದ ದಿನ ಐದು ಗಂಟೆಗೂ ಜಗಲಿಯಲ್ಲಿ ಮಕ್ಕಳು ಗುಂಪಾಗಿ ಕೂತು ರೆಕಾರ್ಡ್ ಬರೆಯುತ್ತಿದ್ದರು, ಯಕ್ಷಗಾನದ ಅಭ್ಯಾಸಕ್ಕೆ ಕೆಲವರು ಸೇರಿದ್ದರು, ಮೇಷ್ಟ್ರು ಒಬ್ಬರು ಛತ್ರಿ ಹಿಡಿದು ಹೊರಟವರು ನಿಂತು ಯಾರಿಗೋ ಏನೋ ವಿವರಿಸುತ್ತಿದ್ದರು.

ಅಲ್ಲಿ ಕೂತ್ಕೊಳ್ಳುವ ಅಂತ ಅನ್ಸುತ್ತೆ ಎಂದು ಅವಳು ಮೊದಲೇ ಹೇಳಿದ್ದು ಇದನ್ನೇ. ಮಳೆಯಲ್ಲೂ ನೆನೆಯದೆ, ಯಾರ ಅನುಮತಿಯೂ ಬೇಡದೆ ಕೂರುವ ಜಾಗ ಇದ್ದರೆ ಮಕ್ಕಳು ಉಳಿಯುತ್ತಾರೆ. ಮಕ್ಕಳು ಉಳಿದರೆ ಮೇಷ್ಟ್ರೂ ಸಿಗುತ್ತಾರೆ. ನಮ್ಮ ಮನೆಗಳ ಚಾವಡಿಯಲ್ಲಿ ನಡೆಯುವುದೂ ಹಾಗೇ ಅಲ್ವಾ.

ಆದರೆ ಅಧ್ಯಾಪಕರ ಪ್ರಶ್ನೆ ಹಾಗೇ ಉಳಿದಿತ್ತು. ನಾಲ್ವರು ಮತ್ತು ಇಬ್ಬರು, ಅದೂ ಒಬ್ಬರಿಗೆ ನಿವೃತ್ತಿ. ಇದನ್ನು ಜಗಲಿ ತುಂಬಿಕೊಡುವುದಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅವಳು ಅದಕ್ಕೂ ಯೋಚಿಸಿದ್ದಳು. ಕ್ಷೇತ್ರ ಕೆಲಸವನ್ನು ತಾನೇ ಮಾಡುತ್ತೇನೆ, ಊರಿನ ಪಾರೆಯ ಗಿಡಗಳನ್ನು ಮಳೆಗಾಲ ಪೂರ್ತಿ ಸಂಗ್ರಹಿಸುತ್ತೇನೆ, ಮಂಗಳೂರಿನ ಪಿಲಿಕುಳ ನಿಸರ್ಗಧಾಮದಲ್ಲಿ ಪಶ್ಚಿಮಘಟ್ಟದ ಮರಗಳಿವೆ, ರಜೆಯಲ್ಲಿ ಅಲ್ಲಿ ಹೋಗಿ ಕಲಿಯುತ್ತೇನೆ ಎಂದಳು. ಹಿರಿಯ ಮೇಷ್ಟ್ರು ಇರುವ ಮೊದಲ ವರ್ಷದಲ್ಲೇ ಹರ್ಬೇರಿಯಂ ಕೆಲಸ ಕಲಿಯುತ್ತೇನೆ ಎಂದಳು. ಭಾವ ಮತ್ತೆ ಆ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರ ಹತ್ತಿರ ಖಾಲಿ ಹುದ್ದೆ, ಶೀಟಿನ ತರಗತಿ, ಎಕ್ಸಾಸ್ಟ್ ಫ್ಯಾನು, ಮೂರನ್ನೂ ಕೇಳಿ ಬಂದರು. ಫ್ಯಾನು ಆಗುತ್ತದೆ ಎಂದರಂತೆ. ಹುದ್ದೆಯ ಬಗ್ಗೆ ಸರ್ಕಾರದ ಅನುಮತಿ ಬರಬೇಕು ಎಂದರಂತೆ. ಶೀಟಿನ ಬಗ್ಗೆ ನೋಡುವ ಎಂದರಂತೆ.

ಸೇರಿದ್ದು ಹಂಚಿನ ಕಾಲೇಜಿಗೆ. ಅಂಕದ ಲೆಕ್ಕದಲ್ಲಿ ಕಾಂಕ್ರೀಟ್ ಕಾಲೇಜಿಗೇ ನನ್ನ ಮತ ಎಂದು ಕೊನೆಯವರೆಗೂ ಹೇಳಿದೆ, ಈಗಲೂ ಹೇಳುತ್ತೇನೆ. ಹಾಸ್ಟೆಲ್ ಸಿಕ್ಕಿದ್ದರೆ ಇನ್ನೂ ಜೋರಾಗಿ ಹೇಳುತ್ತಿದ್ದೆ. ಆದರೆ ಅವಳ ಕಾರಣಗಳಲ್ಲಿ ಹುಡುಗಾಟಿಕೆ ಇರಲಿಲ್ಲ. ಅವಳು ಆರಿಸಿದ ಜಾಗದ ಕೊರತೆಗಳು ಅವಳಿಗೆ ಸೇರುವ ಮೊದಲೇ ಒಂದೊಂದಾಗಿ ಗೊತ್ತಿದ್ದವು.

ಒಂದು ವರ್ಷ ಕಳೆದ ಮೇಲೆ

ಒಳ್ಳೆಯದು ಮೊದಲು ಹೇಳುತ್ತೇನೆ. ಸಂಜೆ ಅವಳು ಲ್ಯಾಬಿನಲ್ಲೇ ಇರುತ್ತಾಳೆ. ಹಿರಿಯ ಮೇಷ್ಟ್ರು ಅವಳಿಗೆ ಮತ್ತು ಇನ್ನಿಬ್ಬರಿಗೆ ಕಪಾಟಿನ ಬೀಗದ ಕೈ ನಂಬಿ ಕೊಟ್ಟರು. ಬೂಷ್ಟು ಹಿಡಿದ ಹಳೆಯ ಹಾಳೆಗಳನ್ನು ಬೇರೆ ಮಾಡಿ, ಲೇಬಲ್ ಮಸುಕಾದವನ್ನು ನಕಲು ಮಾಡಿ, ಊರಿನ ಪಾರೆಯಿಂದ ತಂದ ಹೊಸ ಮಾದರಿಗಳನ್ನು ಸೇರಿಸಿದ್ದಾರೆ. ಜಗಲಿಯಲ್ಲಿ ಹಿರಿಯ ವಿದ್ಯಾರ್ಥಿಗಳ ಪರಿಚಯವಾಗಿ ಹುಲ್ಲಿನ ಜಾತಿ ಗುರುತಿಸಲು ಕಲಿತಳು. ಅದು ಪಠ್ಯದಲ್ಲಿ ಇಲ್ಲ.

ತೊಂದರೆಗಳೂ ನಾವು ಬರೆದಿಟ್ಟ ಹಾಗೇ ಬಂದವು. ಜುಲೈಯಲ್ಲಿ ಶೀಟಿನ ಕೆಳಗೆ ಎಷ್ಟೋ ಪಾಠ ಕೇಳಲಿಲ್ಲ. ಜೋರು ಮಳೆ ಬಂದರೆ ಮೇಷ್ಟ್ರು ಬೋರ್ಡಿನಲ್ಲಿ ಬರೆಯುತ್ತಾ ಹೋಗುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ಎಕ್ಸಾಸ್ಟ್ ಫ್ಯಾನು ಬಂತು, ಶೌಚಾಲಯದ ದಾರಿಗೆ ಮಾಡು ಬರಲಿಲ್ಲ. ಹಿರಿಯ ಮೇಷ್ಟ್ರು ನಿವೃತ್ತರಾದರು, ಆ ಹುದ್ದೆ ಖಾಲಿ ಇದೆ. ಬಂದ ಅತಿಥಿ ಉಪನ್ಯಾಸಕಿ ಬಹಳ ಚೆನ್ನಾಗಿ ಕಲಿಸುತ್ತಿದ್ದರು, ಸೆಮಿಸ್ಟರಿನ ನಡುವೆ ಬೇರೆ ಕಡೆ ಖಾಯಂ ಕೆಲಸ ಸಿಕ್ಕಿ ಹೋದರು. ಅವರು ಹೋದದ್ದು ಸರಿಯೇ. ಆದರೆ ಸಸ್ಯಗಳ ವರ್ಗೀಕರಣದ ಅರ್ಧ ಭಾಗ ಇವರಿಗೆ ಸರಿಯಾಗಿ ಆಗಲೇ ಇಲ್ಲ. ನಮ್ಮ ಹುಡುಗಿ ಅದನ್ನು ಹರ್ಬೇರಿಯಂನಿಂದ ತುಂಬಿಸಿಕೊಂಡಳು. ಅವಳ ಜೊತೆಯ ಎಲ್ಲರಿಗೂ ಅದು ಆಗಲಿಲ್ಲ. ಇದೇ ಕಾಲೇಜನ್ನು ಇನ್ನೊಂದು ಮಗುವಿಗೆ ಕಣ್ಣುಮುಚ್ಚಿ ಹೇಳಲು ನಾನು ಹಿಂದೇಟು ಹಾಕುವುದು ಈ ಕಾರಣಕ್ಕೆ. ತಾನಾಗಿ ಕೆಲಸ ಹುಡುಕಿಕೊಳ್ಳುವ ಮಗುವಿಗೆ ಆ ಜಗಲಿ, ಆ ಲ್ಯಾಬು ಬಹಳ ಕೊಡುತ್ತವೆ. ಹಿಂದೆ ನಿಂತು ಹೇಳಿಕೊಡುವವರು ಬೇಕು ಎ‌ನ್ನುವ ಮಗುವಿಗೆ ನಾಲ್ವರು ಖಾಯಂ ಅಧ್ಯಾಪಕರಿರುವ ಸಪ್ಪೆ ಕಟ್ಟಡವೇ ಸರಿ.

ಕಾಲೇಜಿನ ಆಡಳಿತದವರು ಕಳೆದ ತಿಂಗಳು ಶೀಟಿನ ಸಾಲಿಗೆ ಏನು ಮಾಡಬಹುದು ಎಂದು ನನ್ನ ಹತ್ತಿರ ಕೇಳಿದರು. ಶೀಟು ತೆಗೆದು ಹಂಚು ಹೊದೆಸಿ, ಕೆಳಗೆ ಅಟ್ಟ ಹಾಕಿ, ಪಶ್ಚಿಮಕ್ಕೆ ಆರಡಿ ಜಗಲಿ ಚಾಚುವ ಒಂದು ನಕ್ಷೆ ಮಾಡಿ ಕೊಟ್ಟಿದ್ದೇನೆ, ಶೌಚಾಲಯದ ದಾರಿಯ ಮಾಡೂ ಅದರಲ್ಲೇ ಸೇರಿದೆ. ದುಡ್ಡು ಒಟ್ಟಾಗಬೇಕು, ಹಳೆ ವಿದ್ಯಾರ್ಥಿಗಳನ್ನು ಕೇಳುತ್ತಿದ್ದಾರೆ. ಹುಡುಗಿ ಈಗ ಎರಡನೇ ವರ್ಷ. ಎಂ.ಎಸ್ಸಿ.ಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಅನ್ವಯಿಕ ಸಸ್ಯಶಾಸ್ತ್ರ ವಿಭಾಗ ಇದೆಯಲ್ಲ, ಅದನ್ನು ನೋಡಿ ಬರುವ ಎನ್ನುತ್ತಿದ್ದಾಳೆ. ಅಲ್ಲಿ ಯಾರು ಯಾವ ಗಿಡಗಳ ಮೇಲೆ ಕೆಲಸ ಮಾಡುತ್ತಿದ್ದಾರೆ ಎಂಬ ಪಟ್ಟಿಯನ್ನು ಈಗಾಗಲೇ ಮಾಡಿ ನನಗೆ ಕಳಿಸಿದ್ದಾಳೆ, ಕೆಳಗೆ ಭಾವನೂ ಒಂದು ಸಾಲು ಸೇರಿಸಿದ್ದಾರೆ: ಸಂಜೆ ನಾಲ್ಕರ ನಂತರವೂ ಇದ್ದು ನೋಡಬೇಕು.